ಬುಡನ್‌ಸಾಬರ ಇಪ್ಪತ್ತೆಂಟು ದಿನ

ನಮ್ಮ ಅಬ್ಬಾನ ಬಗ್ಗೆ ಚನ್ನಗಿರಿ ಸೀಮೆಯಲ್ಲಿ ಒಂದು ಸುಳ್ಳು ಇನ್ನೂ ಓಡಾಡುತ್ತಿದೆ. ಸೇತುವೆ ಕೆಲಸದ ಬುಡನ್‌ಸಾಬ್ ಸ್ವಂತ ಮಗಳ ಮದುವೆಯ ದಿಬ್ಬಣವನ್ನೇ ಹಳ್ಳದ ಆಚೆ ನಿಲ್ಲಿಸಿ, ಬೀಗರನ್ನು ಉಪವಾಸ ಕೆಡವಿದ ಎಂದು. ದಿಬ್ಬಣ ನಿಲ್ಲಿಸಿದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಉಪವಾಸ ಎನ್ನುವುದು ಮಾತ್ರ ಶುದ್ಧ ಸುಳ್ಳು. ಆ ದಿನ ಆಚೆ ದಡದಲ್ಲಿದ್ದ ನಲವತ್ತು ಜನ ಹೊಟ್ಟೆ ಬಿರಿಯುವಷ್ಟು ಪಲಾವು ತಿಂದು, ಕೈ ತೊಳೆದುಕೊಳ್ಳಲು ಅದೇ ಹಳ್ಳಕ್ಕೆ ಇಳಿದಿದ್ದರು. ಆ ಮಗಳು ನಾನೇ, ಹಜೀರಾ. ನನ್ನ ಮದುವೆಯ ಕತೆಯನ್ನು ನನಗೇ ತಿದ್ದಿ ಹೇಳಲು ಬರುತ್ತಾರಲ್ಲ, ಅವರಿಗೆಲ್ಲ ಒಂದೇ ಸಲ ಉತ್ತರ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಬ್ಬಾ ಹುಟ್ಟಿದ್ದು ಜಗಳೂರಿನಲ್ಲಿ. ನೇಗಿಲು, ಕುಂಟೆ, ಬಾಗಿಲು ಮಾಡುವ ಬಡಗಿಗಳ ಮನೆ. ಹೊನ್ನಾಳಿಯ ಮರದ ಅಡ್ಡೆಯಲ್ಲಿ ಎರಡು ವರ್ಷ ಗರಗಸ ಎಳೆದರು, ಆಮೇಲೆ ಅಂಜಿನಪ್ಪ ಎನ್ನುವ ಮೇಸ್ತ್ರಿಯ ಕೈಕೆಳಗೆ ರಸ್ತೆಯ ಮೋರಿ, ಸೇತುವೆಗಳಿಗೆ ಸೆಂಟ್ರಿಂಗ್ ಕಟ್ಟುವ ಕೆಲಸ ಕಲಿತರು. ಸೆಂಟ್ರಿಂಗ್ ಎಂದರೆ ಬೇರೇನಲ್ಲ. ಕಾಂಕ್ರೀಟು ಹಾಕುವಾಗ ಗಂಜಿಯ ಹಾಗೆ ಇರುತ್ತದೆ. ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲಲು ಮರದ ಅಚ್ಚು ಬೇಕು. ಮೇಲೆ ಹಲಗೆ, ಹಲಗೆಯ ಕೆಳಗೆ ತೊಲೆ, ತೊಲೆಯ ಕೆಳಗೆ ಕಂಬ, ಕಂಬದ ಬುಡದಲ್ಲಿ ಎದುರುಬದುರಾಗಿ ಬಡಿದ ಜೋಡಿ ಬೆಣೆ, ಬೆಣೆಯ ಕೆಳಗೆ ಹಾಸುಗಲ್ಲು. ಕಟ್ಟುವುದು ಅರ್ಧ ಕೆಲಸ, ಬಿಚ್ಚುವುದು ಇನ್ನರ್ಧ. ಜನ ಸಾಯುವುದು ಬಿಚ್ಚುವಾಗ.

ಜಗಳೂರಿನ ಹತ್ತಿರ ಒಂದು ಸಣ್ಣ ಮೋರಿಯಲ್ಲಿ ಅಬ್ಬಾ ಅಂಥ ಸಾವಿನಿಂದ ಕೂದಲೆಳೆಯಲ್ಲಿ ಪಾರಾದರು. ಅಂಜಿನಪ್ಪ ಊರಿನಲ್ಲಿಲ್ಲದ ದಿನ ಯಾರೋ ಅವಸರದವರು ಹನ್ನೆರಡನೇ ದಿನಕ್ಕೇ ಒಂದು ಕಡೆಯಿಂದ ಕಂಬ ಕಿತ್ತುಕೊಂಡು ಬಂದರು. ಅಬ್ಬಾ ಮತ್ತು ಇನ್ನಿಬ್ಬರು ಮೋರಿಯ ನೆರಳಿನಲ್ಲಿ ಬುತ್ತಿ ಬಿಚ್ಚಿಟ್ಟು, ನೀರು ತರಲು ಬಾವಿಗೆ ಹೋಗಿದ್ದರು. ಹಿಂದಿರುಗಿ ಬಂದಾಗ ಮೋರಿ ಇರಲಿಲ್ಲ, ಬುತ್ತಿಯೂ ಇರಲಿಲ್ಲ. ರೊಟ್ಟಿಯ ಜೊತೆಗಿಟ್ಟಿದ್ದ ಅಬ್ಬಾನ ಹಿತ್ತಾಳೆ ಲೋಟ ಚಪ್ಪಟೆಯಾಗಿ ತಗಡಾಗಿತ್ತು. ಆ ತಗಡಿಗೆ ತೂತು ಹೊಡೆದು, ಹುರಿ ಕಟ್ಟಿ, ಉಪಕರಣದ ಚೀಲಕ್ಕೆ ತಗುಲಿಸಿಕೊಂಡರು. ಯಾರಾದರೂ ಅವಸರ ಮಾಡಿದರೆ ಅದನ್ನು ತೆಗೆದು ತೋರಿಸುವುದು, "ಇದು ನನ್ನ ತಲೆ ಆಗಬೇಕಿತ್ತು ನೋಡ್ರಿ" ಎನ್ನುವುದು. ಓವರ್‌ಸೀಯರ್ ಒಬ್ಬರು ಆ ಲೋಟ ಕಂಡರೆ ದಾರಿ ಬದಲಿಸುತ್ತಿದ್ದರಂತೆ.

ಆಮೇಲಿಂದ ಅಬ್ಬಾನಿಗೆ ಎರಡು ನಿಯಮ. ಸ್ಲ್ಯಾಬು ಹಾಕಿ ಇಪ್ಪತ್ತೆಂಟು ದಿನ ತುಂಬುವವರೆಗೆ ಬೆಣೆ ಮುಟ್ಟುವಂತಿಲ್ಲ. ಮೇಲೆ ಭಾರ ಇದ್ದಾಗ ಕೆಳಗೆ ಯಾರೂ ನಿಲ್ಲುವಂತಿಲ್ಲ. ನ್ಯಾಮತಿ ರಸ್ತೆಯ ಕೆಲಸದಲ್ಲಿ ಸೇತುವೆ ಕೆಳಗೆ ಬೀಡಿ ಸೇದಲು ಕೂತ ಒಬ್ಬನನ್ನು ಕಾಲು ಹಿಡಿದು ದರದರ ಎಳೆದು ಹಾಕಿದ್ದರಂತೆ. ಮನೆಯಲ್ಲಿ ಇದೇ ಮನುಷ್ಯ ಬೆಕ್ಕಿಗೂ "ಸ್ವಲ್ಪ ಸರೀತಿಯೇನಮ್ಮಾ" ಎನ್ನುವಷ್ಟು ಮೆತ್ತಗೆ.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ನಾವು ಗೊಬ್ಬಳಿಹಳ್ಳದ ದಡದಲ್ಲಿದ್ದೆವು. ಚನ್ನಗಿರಿಯಿಂದ ಸೂಳೆಕೆರೆಯ ಮಗ್ಗುಲಿನಿಂದ ಸಂತೇಬೆನ್ನೂರಿಗೆ ಹೋಗುವ ದಾರಿಗೆ ಈ ಹಳ್ಳ ಅಡ್ಡ ಬರುತ್ತಿತ್ತು. ಅದಕ್ಕೆ ಮೂರು ಕಣ್ಣಿನ, ಎಂದರೆ ಕೆಳಗೆ ನೀರು ಹರಿಯಲು ಮೂರು ಬಾಯಿ ಇರುವ, ಸೇತುವೆ ಏಳುತ್ತಿತ್ತು. ಅಬ್ಬಾ, ನಮ್ಮಮ್ಮಿ ಸೈದಾಬೀ ಮತ್ತು ನಾನು ಚನ್ನಗಿರಿ ಕಡೆಯ ದಡದ ಗುಡಿಸಲಿನಲ್ಲಿ. ಆಚೆ ದಡದ ಊರಿನವಳು ಕಲ್ಲಮ್ಮ. ಸ್ಲ್ಯಾಬಿನ ಮೇಲೆ ಮಣ್ಣಿನ ಪಾತಿ ಕಟ್ಟಿ, ಅದು ಒಣಗದಂತೆ ದಿನವಿಡೀ ನೀರು ತುಂಬುವುದು ಅವಳ ಕೆಲಸ. ಗಟ್ಟಿಗಿತ್ತಿ. ಅಬ್ಬಾನನ್ನು ಎದುರಿಗೇ "ಬೆಣೆ ಸಾಬ್ರೆ" ಎಂದು ಕರೆಯುವಷ್ಟು ಸಲಿಗೆ ಅವಳಿಗೊಬ್ಬಳಿಗೇ ಇತ್ತು.

ಇನ್ನು ನನ್ನ ಗಂಟಲಿನ ವಿಷಯ. ಹಳ್ಳದಲ್ಲಿ ಕೆಲಸದಲ್ಲಿರುವ ಅಬ್ಬಾನನ್ನು ಊಟಕ್ಕೆ ಕರೆಯಲು ಗುಡಿಸಲಿನ ಬಾಗಿಲಲ್ಲೇ ನಿಂತು ಒಂದು ಕೂಗು ಹಾಕಿದರೆ, ಆಚೆ ಊರಿನ ಎಮ್ಮೆಗಳು ಮೇಯುವುದು ಬಿಟ್ಟು ತಲೆ ಎತ್ತುತ್ತಿದ್ದವು. ಅಮ್ಮಿ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಹೆಣ್ಣುಮಗಳ ಗಂಟಲೇನೇ ಇದು! ನಿನ್ನ ಯಾವ ಮನೆಯವರು ತಗೊಂಡು ಹೋಗ್ತಾರೆ?"

ತಗೊಂಡು ಹೋಗುವವರು ಸಿಕ್ಕಿದರು. ಸಂತೇಬೆನ್ನೂರಿನ ರಸೂಲ್ ಸಾಹೇಬರ ಮಗ ಮಂಜೂರ್, ಗಾಡಿ ಚಕ್ರ ಮಾಡುವವರು. ಬೇಸಿಗೆಯಲ್ಲಿ ತೊಲೆ ಸಾಗಿಸುವ ಗಾಡಿಗೆ ಹೊಸ ಚಕ್ರ ಹಾಕಲು ಬಂದಿದ್ದರು. ಎರಡು ದಿನ ನಮ್ಮಲ್ಲಿ ಉಂಡರು, ಒಟ್ಟು ಆರು ಮಾತಾಡಿದರು, ಅದರಲ್ಲಿ ಒಂದು "ಸಾರು ಚೆನ್ನಾಗೈತೆ". ಸಾರು ಮಾಡಿದ್ದು ನಾನು. ಅವರೇ ಬೇಕು ಎಂದು ನನಗೆ ಆವತ್ತೇ ಅನ್ನಿಸಿತ್ತು. ಈ ವಯಸ್ಸಿನಲ್ಲಿ ಮುಚ್ಚುಮರೆ ಯಾಕೆ, ಅವರಲ್ಲದೆ ಬೇರೆ ಯಾರು ಬಂದಿದ್ದರೂ ನಾನು ಒಪ್ಪುತ್ತಿರಲಿಲ್ಲ.

ರಂಜಾನಿಗೆ ಮೊದಲೇ ನಿಕಾಹ್ ಆಗಲಿ ಎಂದು ಹಿರಿಯರು ದಿನ ಗೊತ್ತು ಮಾಡಿದರು. ಲೆಕ್ಕ ಹಾಕಿದರೆ ಅದು ಸ್ಲ್ಯಾಬು ಹಾಕಿದ ಹತ್ತೊಂಬತ್ತನೇ ದಿನ. ಚನ್ನಗಿರಿಯಲ್ಲೇ ಮದುವೆ ಮಾಡೋಣ ಎಂದು ಅಮ್ಮಿ ಗೋಗರೆದಳು. ಸ್ಲ್ಯಾಬು ಬಿಟ್ಟು ಬರಲು ಅಬ್ಬಾ ಒಪ್ಪಲಿಲ್ಲ. "ಸ್ಲ್ಯಾಬನ್ನೇ ಮದುವೆ ಆಗ್ರಿ ಹೋಗ್ರಿ" ಎಂದು ಅಮ್ಮಿ ಪಾತ್ರೆ ಕುಕ್ಕಿದಳು. ಕೊನೆಗೆ ಹಳ್ಳದ ದಡದಲ್ಲೇ ಚಪ್ಪರ ಎದ್ದಿತು. ಹೊನ್ನಾಳಿ, ನ್ಯಾಮತಿಯ ನೆಂಟರೆಲ್ಲ ಎರಡು ದಿನ ಮೊದಲೇ ಬಂದು ಸೇರಿದರು. ಹಳ್ಳದಲ್ಲಿ ಕಣಕಾಲು ಮುಳುಗುವಷ್ಟು ನೀರು. ಸೇತುವೆಯ ಪಕ್ಕದ ಬಳಸುದಾರಿಯಲ್ಲಿ ಗಾಡಿಗಳು ಸಲೀಸಾಗಿ ಇಳಿದು ಹತ್ತುತ್ತಿದ್ದವು. ದಿಬ್ಬಣವೂ ಹಾಗೇ ಬರುವುದಿತ್ತು.

ಮದುವೆಯ ಹಿಂದಿನ ದಿನ ಮೇಲಿನ ಗುಡ್ಡಗಳಲ್ಲಿ ಚಿತ್ತಾ ಮಳೆ ಹೊಯ್ದುಬಿಟ್ಟಿತು. ಬೆಳಗಾಗೆದ್ದು ನೋಡಿದರೆ ಹಳ್ಳ ಕೆಂಪಗೆ ಎರಡೂ ದಡ ತುಂಬಿ ಹರಿಯುತ್ತಿತ್ತು. ಬಳಸುದಾರಿ ಎಲ್ಲಿತ್ತು ಎಂದು ಬೆರಳು ತೋರಿಸಲೂ ಆಗದ ಹಾಗೆ ಕೊಚ್ಚಿಹೋಗಿತ್ತು. ಸೇತುವೆಯ ಕಂಬಗಳು ಕುತ್ತಿಗೆವರೆಗೆ ನೀರಿನಲ್ಲಿ ನಿಂತಿದ್ದವು. ಅಬ್ಬಾ ಹೊದ್ದ ಹೊದಿಕೆಯಲ್ಲೇ ಓಡಿ ಸೇತುವೆಯ ಈಚೆ ತುದಿಗೆ ಗೊಬ್ಬಳಿ ಮುಳ್ಳು ಎಳೆದರು. ಆಚೆ ತುದಿಗೂ ಹಾಕು ಎಂದು ಕಲ್ಲಮ್ಮನಿಗೆ ಕೂಗಿ ಹೇಳಬೇಕಿತ್ತು. ಅಬ್ಬಾನ ದನಿ ಹಳ್ಳದ ನಡುವಿನವರೆಗೂ ಹೋಗಲಿಲ್ಲ. ಕೂಗಿದ್ದು ನಾನು, ಮದುಮಗಳು, ಮೈಗೆಲ್ಲ ಅರಿಶಿನ ಬಳಿದುಕೊಂಡು. "ಇವತ್ತೊಂದು ದಿನ ಬಾಯಿ ಮುಚ್ಕೊಂಡಿರೇ" ಎಂದು ಅಮ್ಮಿ ನನ್ನ ರಟ್ಟೆ ಹಿಡಿದು ಒಳಗೆಳೆದಳು.

ಹೊತ್ತು ಏರುವ ಹೊತ್ತಿಗೆ ಆಚೆ ದಡಕ್ಕೆ ದಿಬ್ಬಣ ಬಂತು. ನಾಲ್ಕು ಗಾಡಿ, ನಲವತ್ತು ಜನ, ಒಂದು ನಗಾರಿ. ನಿಕಾಹ್ ಓದಿಸಬೇಕಾದ ಕಾಜಿ ಸಾಹೇಬರು ಹಿಂದಿನ ದಿನ ಸಂತೇಬೆನ್ನೂರಿಗೆ ಹೋಗಿದ್ದವರು, ಅವರೂ ದಿಬ್ಬಣದ ಜೊತೆಗೇ ಇದ್ದರು. ನಾನು ಚಪ್ಪರದ ಸೀರೆಯ ಸಂದಿಯಿಂದ ನೋಡುತ್ತಿದ್ದೆ. ಮಂಜೂರ್ ಮುಖಕ್ಕೆ ಹೂವಿನ ಸೆಹ್ರಾ ಇಳಿಬಿಟ್ಟುಕೊಂಡು ಗಾಡಿಯಲ್ಲಿ ಕೂತಿದ್ದರು. ರಸೂಲ್ ಸಾಹೇಬರು ಇಳಿದು ಮುಳ್ಳಿನ ಮುಂದೆ ಬಂದು ನಿಂತರು. ಮುಳ್ಳಿನ ಪಕ್ಕದಲ್ಲೇ ಕಲ್ಲಮ್ಮ ಪೊರಕೆ ಹಿಡಿದು ನಿಂತಿದ್ದಳು.

"ಬುಡನ್‌ಸಾಬ್! ಮುಳ್ಳು ತೆಗೆಸ್ರಿ, ದಿಬ್ಬಣ ಬಂದೈತೆ!"

ಅಬ್ಬಾ ಈಚೆ ತುದಿಯಲ್ಲಿ ಎರಡೂ ಕೈ ಜೋಡಿಸಿದರು. ಅವರ ಮಾತು ಅರ್ಧ ನೀರಿನ ಸದ್ದಿನಲ್ಲಿ ಹೋಯಿತು. ತುಟಿ ನೋಡಿ ಅರ್ಥ ಮಾಡಿಕೊಂಡು ಕಲ್ಲಮ್ಮ ಬೀಗರಿಗೆ ಒಪ್ಪಿಸಿದಳು. "ತಪ್ಪು ತಿಳೀಬ್ಯಾಡ್ರಿ ಅಂತಾರೆ. ಇವತ್ತಿಗೆ ಹತ್ತೊಂಬತ್ತು ದಿನ ಆಗೈತಂತೆ. ಇನ್ನೂ ಒಂಬತ್ತು ಬಾಕಿ ಐತಂತೆ."

"ನಿನ್ನೆ ತನಕ ನೀನೇ ಕೊಡ ಹೊತ್ಕೊಂಡು ಇದರ ಮೇಲೆ ಓಡಾಡ್ತಿದ್ದೆಯಲ್ಲವ್ವಾ! ನಿನ್ನ ಕಾಲಿಗೆ ಗಟ್ಟಿ ಐತೆ, ನನ್ನ ಮಗನ ಕಾಲಿಗೆ ಗಟ್ಟಿ ಇಲ್ವಾ?"

ಅಬ್ಬಾ ಎದೆ ಬಿರಿಯುವ ಹಾಗೆ ಕೂಗಿದರು. "ನಿನ್ನೆ ಕಂಬದ ಬುಡ ಕಣ್ಣಿಗೆ ಕಾಣ್ತಿತ್ತು ಬೀಗ್ರೆ! ಇವತ್ತು ನೀರೊಳಗೆ ಐತೆ! ನಾನು ಕೆಳಗಿಳಿದು ಬೆಣೆ ಮುಟ್ಟಿ ನೋಡೋವರೆಗೆ ಮೇಲೆ ಒಂದು ಬೆಕ್ಕೂ ದಾಟಾಕಿಲ್ಲ!"

ಬೆಕ್ಕು ದಾಟಲಿಲ್ಲ, ನಿಜ. ಕಲ್ಲಮ್ಮನ ಊರಿನ ಒಂದು ಕಂದು ನಾಯಿ ಮುಳ್ಳಿನ ಸಂದಿಯಲ್ಲಿ ನುಸುಳಿ, ಬಾಲ ಅಲ್ಲಾಡಿಸುತ್ತ, ಸೇತುವೆಯ ನಟ್ಟನಡುವೆ ನಿಂತು ಮೈ ಕೊಡವಿ, ನಮ್ಮ ಪಲಾವಿನ ಒಲೆಯ ಕಡೆಗೆ ಬಂದುಬಿಟ್ಟಿತು. ಎರಡೂ ದಡದವರು ಗೊಳ್ಳೆಂದು ನಕ್ಕರು. ನಗಾರಿಯವನಂತೂ ನಾಯಿಯ ಹೆಜ್ಜೆಗೆ ಸರಿಯಾಗಿ ನಾಲ್ಕು ಪೆಟ್ಟು ಬಾರಿಸಿದ. ನಗದೆ ಇದ್ದವರು ರಸೂಲ್ ಸಾಹೇಬರೊಬ್ಬರೇ. ಮರ್ಯಾದಸ್ಥ ಮನುಷ್ಯ. ನಾಯಿ ದಾಟಬಹುದು, ನಾನು ದಾಟಬಾರದೇ ಎಂದು ಅವರ ಮುಖ ಕೆಂಪಾಗಿತ್ತು.

"ಗಾಡಿ ತಿರುಗಿಸ್ರೋ!" ಎಂದುಬಿಟ್ಟರು.

ಆ ಮನುಷ್ಯ ಒಂದು ಸಲ ತಿರುಗಿದರೆ ಮತ್ತೆ ಈ ದಾರಿ ತುಳಿಯುವವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಮ್ಮಿ ಅಳತೊಡಗಿದಳು. ನಾನು ಅಳಲಿಲ್ಲ, ನನಗೆ ಸಿಟ್ಟು ಬಂತು. ಸೆರಗು ತಲೆಗೆಳೆದುಕೊಂಡು ನೇರ ಅಬ್ಬಾನ ಹತ್ತಿರ ಹೋದೆ. "ಮೂರೇ ಮೂರು ಜನಾನ ಬಿಡ್ರಿ ಅಬ್ಬಾ. ಕಾಜಿ ಸಾಹೇಬರು, ಅವರು, ಅವರಪ್ಪ. ನಾಯಿ ಬಂತಲ್ಲ!"

ಅಬ್ಬಾ ಚೀಲಕ್ಕೆ ಕೈ ಹಾಕಿ ಆ ಚಪ್ಪಟೆ ಲೋಟ ತೆಗೆದರು. ಅದನ್ನು ಕಿತ್ತು ಹಳ್ಳಕ್ಕೆ ಎಸೆದುಬಿಡೋಣ ಅನ್ನಿಸಿತು ನನಗೆ.

"ಮೂರು ಜನ ದಾಟಿದ್ರೆ ನಾಕನೇಯವನು ನಿಲ್ತಾನಾ ಬೇಟಿ? ಹಿಂದೇನೇ ಗಾಡಿ ಬರ್ತಾವೆ" ಎಂದರು. ಅವರ ಕಣ್ಣು ತುಂಬಿತ್ತು. "ನಿನ್ನ ಮದುವೆ ಮುರಿದ್ರೆ ನಾನು ಬದುಕಿದ್ದೂ ಸತ್ತಂಗೆ. ಆದ್ರೂ ಬಿಡಾಕಿಲ್ಲ."

ಅಬ್ಬಾ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವರು ಕಣ್ಣೊರೆಸಿಕೊಂಡು ಆಚೆ ದಡಕ್ಕೆ ಕೂಗಿದರು. "ಬೀಗ್ರೆ, ಹೋಗೋದಾದ್ರೆ ಹೋಗ್ರಿ. ನನ್ನ ಬಾಗಿಲಿಗೆ ಬಂದು ಉಣ್ಣದೆ ಹೋಗಬ್ಯಾಡ್ರಿ. ಅರ್ಧ ಗಳಿಗೆ ನಿಲ್ರಿ ಸಾಕು."

ಗಾಡಿಯವರು ಆಗಲೇ ಎತ್ತಿನ ಕೊರಳ ಹಗ್ಗ ಬಿಚ್ಚಿದ್ದರು. ಪಲಾವಿನ ವಾಸನೆ ಗಾಳಿಗೆ ಆಚೆ ಹೋಗುತ್ತಿತ್ತು. ಬೆಳಗಿನ ಜಾವ ಹೊರಟ ಹೊಟ್ಟೆಗಳು, ಪಾಪ, ತಿರುಗುತ್ತವೆಯೇ? ರಸೂಲ್ ಸಾಹೇಬರು ಬೆನ್ನು ತಿರುಗಿಸಿ ಹೊಂಗೆ ಮರದ ಬೇರಿನ ಮೇಲೆ ಕೂತರು.

ಅಬ್ಬಾ ತೊಲೆ ಎತ್ತುವ ದಪ್ಪ ಹಗ್ಗ, ರಾಟೆ ಎಲ್ಲ ತರಿಸಿದರು. ಹುರಿಗೆ ಕಲ್ಲು ಕಟ್ಟಿ ಬೀಸಿ ಎಸೆದರು. ಎರಡು ಸಲ ನೀರಿಗೆ ಬಿತ್ತು, ಮೂರನೇ ಸಲ ಆಚೆ ದಡ ಮುಟ್ಟಿತು. ಓಡಿ ಬಂದು ಹಿಡಿದವರು ಯಾರು ಎನ್ನುತ್ತೀರಿ? ಸೆಹ್ರಾ ಎತ್ತಿ ತಲೆಯ ಮೇಲೆ ಹಾಕಿಕೊಂಡಿದ್ದ ಮದುಮಗ! ಹುರಿಯ ಹಿಂದೆ ಹಗ್ಗ ಹೋಯಿತು. ಆಚೆ ಹೊಂಗೆ ಮರಕ್ಕೆ, ಈಚೆ ನಮ್ಮ ಹುಣಸೆ ಮರಕ್ಕೆ ಬಿಗಿದರು. ರಾಟೆಗೆ ಕೊಕ್ಕೆ, ಎಳೆಯಲು ಬೇರೆ ಹಗ್ಗ. ನಮ್ಮ ನ್ಯಾಮತಿಯ ನೆಂಟರು ಪಲಾವಿನ ಹಂಡೆ, ನಮ್ಮ ಮಾತಿನಲ್ಲಿ ಡೇಗು, ಹೊತ್ತು ತಂದರು.

"ಅದು ಆಮೇಲೆ. ಮೊದಲು ಅಷ್ಟೇ ತೂಕದ ಮರಳು ಚೀಲ ತರ್ರಿ" ಎಂದರು ಅಬ್ಬಾ.

ಹಸಿದ ಜನ ಗೊಣಗಿದರು. ಅಮ್ಮಿ "ಇವತ್ತೂ ನಿಮ್ಮ ಪರೀಕ್ಷೇನಾ!" ಎಂದು ರೇಗಿದಳು. ಅಬ್ಬಾ ಕಿವಿಗೆ ಹಾಕಿಕೊಳ್ಳಲಿಲ್ಲ. ಮರಳು ಚೀಲ ತೂಗಾಡುತ್ತ ಹೊರಟಿತು. ಹಳ್ಳದ ನಡುವೆ ಹೋದಾಗ ಹಗ್ಗ ಜಗ್ಗಿ, ಕೊಕ್ಕೆಯ ಗಂಟು ಸರಕ್ಕನೆ ಜಾರಿ, ಚೀಲ ದೊಪ್ಪೆಂದು ನೀರಿಗೆ ಬಿದ್ದು ಕಾಣೆಯಾಯಿತು. ಎಲ್ಲರ ಕಣ್ಣೂ ಪಲಾವಿನ ಡೇಗಿನ ಮೇಲೆ.

ಅಬ್ಬಾ ಮಾತ್ರ ನಕ್ಕರು. "ಅದಕ್ಕೇ ಮರಳು" ಎಂದರು. ಗಂಟು ಬಿಚ್ಚಿ, ಜೋಡಿ ಸುತ್ತು ಹಾಕಿ, ತುದಿಗೆ ಬೆಣೆ ಸಿಕ್ಕಿಸಿ ಬಿಗಿದರು. ಮತ್ತೆ ಒಂದು ಚೀಲ ಕಳಿಸಿದರು, ಹೋಯಿತು. ಒಂದೂವರೆ ಪಟ್ಟು ತೂಕದ್ದು ಕಳಿಸಿದರು, ಅದೂ ಹೋಯಿತು. ಆಮೇಲೆ ಬಾಯಿಗೆ ಬಟ್ಟೆ ಕಟ್ಟಿದ ಪಲಾವಿನ ಡೇಗು ಕೆಂಪು ನೀರಿನ ಮೇಲೆ ತೂಗಿಕೊಂಡು ಆಚೆ ಹೋಯಿತು ನೋಡಿ, ನಗಾರಿ ಮೊಳಗಿತು, ಜನ ಕೇಕೆ ಹಾಕಿದರು! ಅದರ ಹಿಂದೆ ಇನ್ನೆರಡು ಡೇಗು, ಒಂದು ಕೊಳಗ ದಾಲ್ಚಾ ಸಾರು, ಬಾಳೆಲೆಯ ಕಟ್ಟು. ಕಲ್ಲಮ್ಮನಿಗೆಂದು ಅಮ್ಮಿ ಬೇರೆಯಾಗಿ ಅಕ್ಕಿ ಪಾಯಸ ಕಳಿಸಿದಳು. ಕಲ್ಲಮ್ಮ ಪೊರಕೆ ಪಕ್ಕಕ್ಕಿಟ್ಟು, ಮುಳ್ಳಿನ ಹತ್ತಿರವೇ ಕೂತು ಕುಡಿದಳು. ಕಾವಲು ಬಿಡಲಿಲ್ಲ.

ರಸೂಲ್ ಸಾಹೇಬರು ಮೊದಲು ಬೇಡವೆಂದರಂತೆ, ಆಮೇಲೆ ಒಂದು ತುತ್ತು, ಆಮೇಲೆ ಎರಡು ಎಲೆ. ಉಂಡು, ಕೈ ತೊಳೆದು, ಬಹಳ ಹೊತ್ತು ಆ ಹಗ್ಗವನ್ನೇ ನೋಡುತ್ತ ನಿಂತರು. ಕೊನೆಗೆ ಮುಳ್ಳಿನ ಹತ್ತಿರ ಬಂದು ಕೂಗಿದರು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ.

"ಬುಡನ್‌ಸಾಬ್! ಪಲಾವಿಗೇ ಮೊದಲು ಮರಳು ಕಳಿಸಿ ನೋಡೋ ಮನುಷ್ಯ ನೀವು. ನನ್ನ ಮಗನ್ನ ಹೆಂಗೆ ಸುಮ್ಮನೆ ಬಿಟ್ಟೀರಿ? ಆ ಚೀಲ ಬಿದ್ದಾಗ ನನಗೆ ತಿಳೀತು. ನಾನು ಗಾಡಿ ತಿರುಗಿಸಲ್ಲ. ಆದ್ರೆ ನಿಕಾಹ್ ಹೆಂಗೆ ಆಗ್ಬೇಕು, ನೀವೇ ಹೇಳ್ರಿ!"

ಅದೇ ದೊಡ್ಡ ಪ್ರಶ್ನೆ. ನೀರು ಇಳಿಯಲು ಎರಡು ಮೂರು ದಿನ ಬೇಕು. ಅಷ್ಟು ದಿನ ನಲವತ್ತು ಜನ ಬಯಲಿನಲ್ಲಿ ಇರಲಾಗದು. ಮದುಮಗಳು ಒಪ್ಪಿದ್ದನ್ನು ಸಾಕ್ಷಿಗಳು ತಮ್ಮ ಕಿವಿಯಾ‌ರೆ ಕೇಳಲೇಬೇಕು, ಅವಳ ಬದಲು ಬೇರೆ ಯಾರೋ ಕೂಗಿ ಹೇಳಿದರೆ ನಡೆಯದು ಎಂದು ಕಾಜಿ ಸಾಹೇಬರು ಖಡಾಖಂಡಿತ ಹೇಳಿದರು. ಸಾಕ್ಷಿಗಳಿಬ್ಬರೂ ಆಚೆ, ನಾನು ಈಚೆ.

"ಅವರಿಗೆ ಬೇಕಾಗಿರೋದು ನನ್ನ ದನಿ ತಾನೇ?" ಎಂದೆ ನಾನು. "ಅದು ಇಲ್ಲಿಂದಲೇ ಹೋಗ್ತೈತೆ."

ನೆಂಟರ ಹೆಂಗಸರು ಬಾಯಿ ಮೇಲೆ ಬೆರಳಿಟ್ಟುಕೊಂಡರು. ಮದುಮಗಳು ಎಂದರೆ ಪರದೆಯ ಹಿಂದೆ ತಲೆ ತಗ್ಗಿಸಿ, ಪಕ್ಕದವರಿಗೂ ಕೇಳಿಯೂ ಕೇಳದ ಹಾಗೆ ಹೂಂ ಎನ್ನಬೇಕು. ಐವತ್ತೈದು ಅಡಿ ಹಳ್ಳದಾಚೆಗೆ ಕೂಗುವ ಮದುಮಗಳನ್ನು ಯಾರು ಕಂಡಿದ್ದರು? ಅಬ್ಬಾ ನನ್ನನ್ನೊಮ್ಮೆ ನೋಡಿದರು. ಸೇತುವೆಯ ತುದಿಯ ಕಲ್ಲುಕಟ್ಟೆ ಗಟ್ಟಿ ನೆಲದ ಮೇಲಿತ್ತು. ಅದರ ಅಂಚಿನಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆದರು. "ಇಲ್ಲಿ ನಿಂತು ಹೇಳು. ಗೆರೆ ದಾಟಬ್ಯಾಡ" ಎಂದರು. ಮಗಳ ನಿಕಾಹ್‌ನಲ್ಲೂ ಗೆರೆ!

ನಾಲ್ಕು ಜನ ಹೆಂಗಸರು ನನ್ನ ಸುತ್ತ ಸೀರೆ ಹಿಡಿದರು. ಆಚೆ ಕಟ್ಟೆಯ ಮೇಲೆ ಕಾಜಿ ಸಾಹೇಬರು, ಸಾಕ್ಷಿಗಳು, ಕಿವಿಗೆ ಕೈ ಅಡ್ಡ ಹಿಡಿದ ರಸೂಲ್ ಸಾಹೇಬರು. ಅವರ ಪಕ್ಕದಲ್ಲಿ ಮಂಜೂರ್. ಕಾಜಿ ಸಾಹೇಬರು ಉಸಿರು ಬಿಗಿಹಿಡಿದು ಕೂಗಿ ಕೇಳಿದರು. ನಾನು ಬಾಯಿ ತೆರೆದೆ.

ದನಿಯೇ ಇಲ್ಲ!

ಎಮ್ಮೆ ಬೆದರಿಸುವ ಗಂಟಲು, ಆ ಒಂದು ಗಳಿಗೆಯಲ್ಲಿ ಒಣಗಿ ಹೋಗಿತ್ತು. "ಕಬೂಲ್", ಒಪ್ಪಿದೆ, ಎಂದದ್ದು ನನಗೇ ಕೇಳಿಸಲಿಲ್ಲ. ಆಚೆಯಿಂದ ರಸೂಲ್ ಸಾಹೇಬರು ತಲೆ ಅಲ್ಲಾಡಿಸಿದರು. ಮಂಜೂರ್ ಮುಖ ಸಣ್ಣದಾಯಿತು. ಇನ್ನೊಮ್ಮೆ ಪ್ರಯತ್ನಿಸಿದೆ. ಕೀರಲು ಸದ್ದು ಬಂತು, ನೀರು ನುಂಗಿತು.

ಆಗ ಬೆನ್ನಿಗೆ ಒಂದು ಗುದ್ದು ಬಿತ್ತು. ಅಮ್ಮಿ! ಹುಟ್ಟಿದಾಗಿನಿಂದ ಬಾಯಿ ಮುಚ್ಚೇ ಎಂದು ಬೈದ ನಮ್ಮಮ್ಮಿ, ಕಣ್ಣೀರು ಸುರಿಸುತ್ತ ನನ್ನ ಕಿವಿಯಲ್ಲಿ ಕಿರುಚಿದಳು. "ಕೂಗೇ! ಅಬ್ಬಾನ ಊಟಕ್ಕೆ ಕರೀತಿಯಲ್ಲ, ಹಂಗೆ ಕೂಗೇ!"

ಕೂಗಿದೆ. "ಕಬೂಲ್!" ಆಚೆ ಊರಿನ ಎಮ್ಮೆಗಳು ತಲೆ ಎತ್ತಿದವು. ಇನ್ನೊಮ್ಮೆ "ಕಬೂಲ್!" ಹೊಂಗೆ ಮರದ ಕೊಕ್ಕರೆಗಳು ಹಾರಿದವು. ಮೂರನೆಯದಕ್ಕೆ ಕಾಜಿ ಸಾಹೇಬರೇ ಸಾಕು ಸಾಕು ಎಂದು ಎರಡೂ ಕೈ ಎತ್ತಿದರು. ಆಮೇಲೆ ಮಂಜೂರ್ ಸರದಿ. ಅವರು ಏನೋ ಅಂದರು, ತುಟಿ ಅಲ್ಲಾಡಿದ್ದು ಕಂಡಿತು, ಅಷ್ಟೇ. ಕಲ್ಲಮ್ಮ ಪೊರಕೆ ಎತ್ತಿ ಹಿಡಿದು ಕುಣಿದಳು. "ಅಂದ್ರು ಕಣವ್ವಾ! ಮೂರು ಸಲ ಅಂದ್ರು!" ಆಚೆಯವರು ಉತ್ತತ್ತಿ, ಕಲ್ಲುಸಕ್ಕರೆ ನಮ್ಮ ಕಡೆಗೆ ಎರಚಿದರು. ಅರ್ಧ ಹಳ್ಳದ ಮೀನುಗಳ ಪಾಲಾಯಿತು. ಉಳಿದದ್ದರಲ್ಲಿ ಒಂದು ಉತ್ತತ್ತಿ ಬಂದು ಅಬ್ಬಾನ ಹಣೆಗೆ ಬಡಿಯಿತು. ಅವರು ಅದನ್ನೇ ಬಾಯಿಗೆ ಹಾಕಿಕೊಂಡು ನಗುತ್ತ ನಿಂತರು.

ಮದುವೆಯಾಯಿತು, ಗಂಡ ಸಂತೇಬೆನ್ನೂರಿಗೆ ಹೋದರು, ಹೆಂಡತಿ ಹಳ್ಳದ ಈಚೆ ಉಳಿದಳು.

ಮೂರನೇ ದಿನ ನೀರು ಮೊಣಕಾಲಿಗೆ ಇಳಿಯಿತು. ಅಪ್ಪ ಮಗ ಇಬ್ಬರೂ ಆಚೆಯಿಂದ ನೀರಿನಲ್ಲಿ ನಡೆದೇ ಬಂದರು. ಆ ಹೊತ್ತಿಗೆ ಅಬ್ಬಾ ಎಲ್ಲರನ್ನೂ ದೂರ ನಿಲ್ಲಿಸಿ, ಮೇಲೆ ಯಾರೂ ಇಲ್ಲದಂತೆ ನೋಡಿಕೊಂಡು, ಸೇತುವೆಯ ಬದಿಯಿಂದ ಒಂದೊಂದೇ ಕಂಬ ನೋಡುತ್ತಿದ್ದರು. ನಡುಗಣ್ಣಿನ ಹತ್ತಿರ ಬಂದು ನೀರಿನೊಳಗೆ ಕೈ ಹಾಕಿ ತಡಕಿದರು. ಆಮೇಲೆ ಬೀಗರನ್ನು ಕರೆದರು. ನಡುವಿನ ಸಾಲಿನ ಮೂರು ಕಂಬಗಳ ಕೆಳಗೆ ಹಾಸುಗಲ್ಲು ಇರಲಿಲ್ಲ, ಬೆಣೆಯೂ ಇರಲಿಲ್ಲ. ಕಂಬಗಳು ಮೇಲಿನ ತೊಲೆಗೆ ಮೊಳೆಯಲ್ಲಿ ಅಂಟಿಕೊಂಡು ನೀರಿನಲ್ಲಿ ತೂಗಾಡುತ್ತಿದ್ದವು. ರಸೂಲ್ ಸಾಹೇಬರು ಬಗ್ಗಿ, ನೀರಿನ ಕೆಳಗೆ ಕಂಬದ ಬುಡಕ್ಕೂ ಮರಳಿಗೂ ನಡುವೆ ತಮ್ಮ ಅಂಗೈ ತೂರಿಸಿದರು. ಕೈ ಆಚೆ ಬಂತು.

"ನಾವು ಗಾಡಿ ಸಮೇತ ಬಂದಿದ್ರೆ ಸ್ಲ್ಯಾಬು ನಿಲ್ತಿತ್ತಾ?" ಎಂದು ಕೇಳಿದರು.

"ನಿಲ್ತಿತ್ತೋ ಏನೋ" ಎಂದರು ಅಬ್ಬಾ. "ಏನೋ ಅನ್ನೋದರ ಮೇಲೆ ಜನಾನ ದಾಟಿಸಾಕಾಗಲ್ಲ ಬೀಗ್ರೆ."

ರಸೂಲ್ ಸಾಹೇಬರು ಅಬ್ಬಾನನ್ನು ತಬ್ಬಿಕೊಂಡರು. ಅಷ್ಟೇ ಅಲ್ಲ, ಅಲ್ಲೇ ನಿಂತು ಹೇಳಿದರು. ಸೊಸೆ ನೀರಿನಲ್ಲಿ ಸೀರೆ ಎತ್ತಿಕೊಂಡು ಬರುವುದು ಬೇಡ, ಇಪ್ಪತ್ತೆಂಟು ದಿನ ತುಂಬಲಿ, ಈ ಸೇತುವೆಯ ಮೇಲೆಯೇ ಗಾಡಿಯಲ್ಲಿ ಬರಲಿ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನೀರಿನಲ್ಲೇ ಬರುತ್ತೇನೆ ಎನ್ನುತ್ತಿದ್ದೆನೇನೋ!

ಆದರೆ ಆ ದಿನಗಳೇನೂ ಕೆಟ್ಟವಾಗಿರಲಿಲ್ಲ. ಮಂಜೂರ್ ಅಲ್ಲೇ ಉಳಿದರು, ಕಲ್ಲಮ್ಮನ ಊರಿನಲ್ಲಿ ಮಲಗಿ, ಹಗಲೆಲ್ಲ ಅಬ್ಬಾನ ಜೊತೆ ಕೆಲಸ. ಹೊಸ ಹಾಸುಗಲ್ಲು ಕೊಟ್ಟು ಕಂಬಗಳಿಗೆ ಮತ್ತೆ ಬೆಣೆ ಬಡಿದರು. ಊಟಕ್ಕೆ ಈಗ ನಾನು ಇಬ್ಬರನ್ನು ಕರೆಯಬೇಕಿತ್ತು, ಗಂಟಲಿಗೆ ಒಳ್ಳೇ ಕೆಲಸ. ದಿನ ತುಂಬಿದ ಮೇಲೆ ಎರಡು ದಿನ ಬಿಚ್ಚುವ ಕೆಲಸ ನಡೆಯಿತು. ಮೊದಲು ಪ್ರತಿ ಕಣ್ಣಿನ ನಡುವಿನ ಸಾಲು, ಒಂದೊಂದು ಬೆಣೆಗೂ ಒಂದೇ ಪೆಟ್ಟು, ಸ್ವಲ್ಪ ಸಡಿಲ, ಆಮೇಲೆ ಪಕ್ಕದ ಸಾಲು. "ಸ್ಲ್ಯಾಬಿಗೆ ತನ್ನ ಭಾರ ತಾನು ಹೊರೋದು ಮೆಲ್ಲಗೆ ಕಲಿಸಬೇಕು ಬೇಟಾ, ಒಮ್ಮೆಗೇ ಕೈ ಬಿಡಬಾರದು" ಎಂದು ಅಬ್ಬಾ ಅಳಿಯನಿಗೆ ಹೇಳುತ್ತಿದ್ದರು. ಹಲಗೆ ಕೀಳುವಾಗ ಹೊರಗೆ ನಿಂತು ಹಾರೆ ಹಾಕುವುದು, ಬಿದ್ದ ಹಲಗೆಯ ಮೊಳೆ ಆಗಲೇ ಕಿತ್ತು ಡಬ್ಬಿಗೆ ಹಾಕುವುದು. ಒಬ್ಬರ ಕಾಲಿಗೂ ಮೊಳೆ ಚುಚ್ಚಲಿಲ್ಲ. ಕೊನೆಯ ಹಲಗೆ ಬಂದಾಗ ಸ್ಲ್ಯಾಬಿನ ಹೊಟ್ಟೆ ಒಂದು ಬಿರುಕಿಲ್ಲದೆ ನುಣ್ಣಗಿತ್ತು, ಹಲಗೆಯ ನಾರಿನ ಗುರುತು ಕೂಡ ಮೂಡಿತ್ತು.

ರಂಜಾನಿಗೆ ಇನ್ನೊಂದೇ ದಿನ. ಬೆಳಿಗ್ಗೆ ಅಬ್ಬಾ ಜಲ್ಲಿ ತುಂಬಿದ ಗಾಡಿಯನ್ನು ಸೇತುವೆಯ ಮೇಲೆ ಎರಡು ಸಲ ಓಡಿಸಿ ನೋಡಿದರು. ಮರಳು ಚೀಲದ ಮನುಷ್ಯ ತಾನೇ. ಆಮೇಲೆ ನನ್ನ ಗಾಡಿ. ಮುಂದೆ ರಸೂಲ್ ಸಾಹೇಬರೇ ಎತ್ತು ಹೊಡೆಯಲು ಕೂತರು, ಪಕ್ಕದಲ್ಲಿ ಮಂಜೂರ್ ನಡೆಯುತ್ತಿದ್ದರು. ಅಮ್ಮಿ ಅಳುತ್ತಿದ್ದಳು, ಕಲ್ಲಮ್ಮ ಸಮಾಧಾನ ಮಾಡಲು ಬಂದು ತಾನೂ ಅಳುತ್ತಿದ್ದಳು. ಅಬ್ಬಾ ಮಾತ್ರ ಎಲ್ಲೂ ಕಾಣಲಿಲ್ಲ. ಬೆಣೆ ಆಯ್ದುಕೊಳ್ಳಲು ಹೋಗಿರಬೇಕು ಎಂದರು ಯಾರೋ. ಮಗಳು ಹೊರಟಾಗಲೂ ಬೆಣೆಯೇ ಎಂದು ನನಗೆ ಉರಿದುಹೋಯಿತು. ಉರಿದುಕೊಂಡೇ ಅಳತೊಡಗಿದೆ.

ಗಾಡಿ ಸೇತುವೆಯ ನಡುವೆ ಬಂದಾಗ ಮಾವ ಎತ್ತು ನಿಲ್ಲಿಸಿದರು. ಹಿಂದೆ ತಿರುಗಿ, ಮೀಸೆಯಲ್ಲೇ ನಗುತ್ತ ಹೇಳಿದರು. "ಬೇಟಿ, ಅವತ್ತು ನೀರಿನ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಮ್ಮ. ಕಬೂಲಾ?"

ಹಳ್ಳದಲ್ಲಿ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಗಾಡಿಯ ಗೂಟ ಹಿಡಿದ ಮಂಜೂರ್ ಕೈ ನನ್ನ ಕೈಗೆ ಅಷ್ಟು ಹತ್ತಿರ ಇತ್ತು. ಮದುಮಗಳು ಹೇಗೆ ಹೇಳಬೇಕೋ ಹಾಗೇ, ಮೆಲ್ಲಗೆ, ಪಿಸುಮಾತಿನಲ್ಲಿ ಹೇಳಿದೆ.

ಮಾವ ಬೇಕೆಂದೇ ಕಿವಿಗೆ ಕೈ ಹಿಡಿದರು. "ಕೇಳಿಸ್ಲಿಲ್ಲ."

"ನನಗೆ ಕೇಳಿಸ್ತು!" ಎಂದು ನಮ್ಮ ಕಾಲ ಕೆಳಗಿನಿಂದ ಒಂದು ದನಿ ಬಂತು. "ಗಾಡಿ ಹೊಡೀರಿ ಬೀಗ್ರೆ!"

ಮಂಜೂರ್ ಅಂಚಿಗೆ ಹೋಗಿ ಬಗ್ಗಿ ನೋಡಿದರು. ನಡುಗಣ್ಣಿನ ಕೆಳಗೆ, ಕಣಕಾಲು ನೀರಿನಲ್ಲಿ, ತಲೆಯ ಮೇಲಿನ ಸ್ಲ್ಯಾಬಿಗೆ ಎರಡೂ ಅಂಗೈ ಒತ್ತಿಕೊಂಡು ಅಬ್ಬಾ ನಿಂತಿದ್ದಾರೆ ಎಂದರು. ಮೇಲೆ ಭಾರ ಇದ್ದಾಗ ಕೆಳಗೆ ಯಾರೂ ನಿಲ್ಲಬಾರದು ಎಂದು ಊರಿಗೆಲ್ಲ ಬೈದ ಮನುಷ್ಯ, ನನ್ನ ಗಾಡಿಯ ಕೆಳಗೆ! ನನ್ನ ನಾಚಿಕೆ, ಅಳು, ಸಿಟ್ಟು ಎಲ್ಲ ಒಟ್ಟಿಗೇ ಗಂಟಲಿಗೆ ಬಂತು.

"ಅಬ್ಬಾ! ಕೆಳಗ್ಯಾಕೆ ನಿಂತೀರಿ? ಹೊರಗ್ ಬರ್ರಿ!"

ಆಚೆ ಊರಿನ ಎಮ್ಮೆಗಳೆಲ್ಲ ತಲೆ ಎತ್ತಿದವು. ಮಾವ ಕಿವಿಯಿಂದ ಕೈ ತೆಗೆದು ಎತ್ತಿನ ಬಾಲ ಮುಟ್ಟಿದರು.

"ಹಾಂ, ಈಗ ಕೇಳಿಸ್ತು" ಎಂದರು.